ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಇರುವ ಪಿಡಿಎಫ್‌ಗಳನ್ನು ಎಲ್ಲಿಗೂ ಅಪ್‌ಲೋಡ್ ಆಗದಂತೆ ಬ್ರೌಸರಿನಲ್ಲೇ ಜೋಡಿಸುವುದು ಹೇಗೆ?

ಕಡತಕಟ್ಟು (ಪ್ರಶ್ನೆ)

ಗೃಹಸಾಲದ ಅರ್ಜಿಗೆ ಎಲ್ಲ ದಾಖಲೆಯನ್ನೂ ಒಂದೇ ಪಿಡಿಎಫ್ ಮಾಡಿ ಏರಿಸಬೇಕು, 5 ಎಂಬಿ ದಾಟಬಾರದು. ಇರುವುದು 11 ಕಡತ, ಒಟ್ಟು 37 ಪುಟ: ಪಾಸ್‌ವರ್ಡ್ ಇರುವ ಇ-ಆಧಾರ್, ಇ-ಪ್ಯಾನ್, ಫಾರ್ಮ್ 16ರ ಎ ಮತ್ತು ಬಿ ಭಾಗ, ಮೂರು ತಿಂಗಳ ಸಂಬಳದ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕಾವೇರಿಯಿಂದ (ರಾಜ್ಯದ ನೋಂದಣಿ ಇಲಾಖೆಯ ತಾಣ) ಇಳಿಸಿಕೊಂಡ ಇಸಿ (ಋಣಭಾರ ಪ್ರಮಾಣಪತ್ರ), ಖಾತಾ, ಆಮೇಲೆ ಫೋನಿನಲ್ಲಿ ಸ್ಕ್ಯಾನ್ ಮಾಡಿದ 14 ಪುಟದ ಕ್ರಯಪತ್ರ. ಒಟ್ಟು 18 ಎಂಬಿ, ಅದರಲ್ಲಿ ಕ್ರಯಪತ್ರ ಒಂದೇ 16.

ವಿಂಡೋಸ್ ಲ್ಯಾಪ್‌ಟಾಪ್, ಕ್ರೋಮ್ ಬ್ರೌಸರ್. ಅಡ್ಮಿನ್ ಪಾಸ್‌ವರ್ಡ್ ಇಲ್ಲ, ಹಾಗಾಗಿ ಸಾಫ್ಟ್‌ವೇರ್ ಹಾಕಿಕೊಳ್ಳುವಂತಿಲ್ಲ. "ನಿಮ್ಮ ಕಡತ ನಿಮ್ಮ ಸಾಧನ ಬಿಟ್ಟು ಹೋಗುವುದಿಲ್ಲ" ಎಂದು ಬರೆದುಕೊಂಡ ತಾಣಗಳು ಬೇಕಾದಷ್ಟಿವೆ. ಆ ಮಾತು ನಿಜವೋ ಸುಳ್ಳೋ ಅಂತ ಖಚಿತ ಮಾಡಿಕೊಳ್ಳೋದು ಹೇಗೆ? ಪಾಸ್‌ವರ್ಡ್ ಇರುವ ಕಡತವನ್ನು ಏನು ಮಾಡಬೇಕು? ಇಸಿ, ಫಾರ್ಮ್ 16ರ ಮೇಲಿನ ಡಿಜಿಟಲ್ ಸಹಿ ಜೋಡಿಸಿದ ಮೇಲೂ ಉಳಿಯುತ್ತಾ?

ತಂತಿಜಾಲ

ಜೋಡಿಸುವ ಕೆಲಸಕ್ಕೆ ಸರ್ವರ್ ಬೇಕಾಗಿಯೇ ಇಲ್ಲ, ಅದು ಮೊದಲು ಗೊತ್ತಿರಲಿ. ಪಿಡಿಎಫ್ ಒಳಗೆ ಎಲ್ಲವೂ ಸಂಖ್ಯೆ ಹಾಕಿದ ತುಣುಕುಗಳು: ಪುಟ, ಫಾಂಟ್, ಚಿತ್ರ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಯಾವ ತುಣುಕು ಕಡತದ ಎಷ್ಟನೇ ಬೈಟಿನಿಂದ ಶುರು ಎಂಬ ಪಟ್ಟಿ ಸಾಮಾನ್ಯವಾಗಿ ಕೊನೆಯಲ್ಲಿರುತ್ತೆ. ಎರಡು ಕಡತ ಸೇರಿಸುವುದೆಂದರೆ ಎರಡನೆಯದರ ತುಣುಕುಗಳಿಗೆ ಹೊಸ ಸಂಖ್ಯೆ ಕೊಟ್ಟು, ಪುಟಗಳ ಪಟ್ಟಿಯನ್ನು ಒಂದು ಮಾಡಿ, ಬೈಟುಗಳ ಪಟ್ಟಿಯನ್ನು ಮತ್ತೆ ಬರೆಯುವುದು. ಪಿಡಿಎಫ್-ಲಿಬ್ ಎಂಬ ಓಪನ್ ಸೋರ್ಸ್ ಜಾವಾಸ್ಕ್ರಿಪ್ಟ್ ಲೈಬ್ರರಿ ಇದನ್ನು ಟ್ಯಾಬಿನ ಒಳಗೇ ಮಾಡುತ್ತೆ. ಕೆಲವು ತಾಣಗಳು ಕ್ಯೂಪಿಡಿಎಫ್ ಎಂಬ ಹಳೆಯ, ಗಟ್ಟಿ ಉಪಕರಣವನ್ನು ವೆಬ್‌ಅಸೆಂಬ್ಲಿ (ಬ್ರೌಸರಿನೊಳಗೇ ಓಡುವ ಕೋಡ್) ರೂಪದಲ್ಲಿ ಬ್ರೌಸರಿಗೆ ಕಳಿಸಿ ಅದರಿಂದ ಮಾಡಿಸುತ್ತವೆ. ನಿಮ್ಮ 18 ಎಂಬಿ ಯಾವುದಕ್ಕೂ ಭಾರವಲ್ಲ.

ಇನ್ನು ನಂಬಿಕೆಯ ವಿಷಯ. ವಿಳಾಸದ ಮೊದಲಿನ ಎಚ್‌ಟಿಟಿಪಿಎಸ್ (2023ರವರೆಗೆ ಕ್ರೋಮ್ ಇದಕ್ಕೆ ಬೀಗದ ಗುರುತು ತೋರಿಸುತ್ತಿತ್ತು) ದಾರಿಯಲ್ಲಿ ಯಾರೂ ಓದುವುದಿಲ್ಲ ಎಂದಷ್ಟೇ ಹೇಳುತ್ತೆ. ಕಡತ ಆ ತಾಣದವರ ಕೈಗೆ ಹೋಗುತ್ತೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. "ಎರಡು ಗಂಟೆಯಲ್ಲಿ ಅಳಿಸುತ್ತೇವೆ" ಎಂದು ಎಲ್ಲಾದರೂ ಬರೆದಿದ್ದರೆ ಕಡತ ಅವರ ಸರ್ವರಿಗೆ ಹೋಗುತ್ತೆ ಅಂತಲೇ ಅರ್ಥ. ಹೋಗದಿದ್ದರೆ ಅಳಿಸಲು ಏನಿರುತ್ತೆ?

ನೆಟ್ ಕಡಿದು ಕೆಲಸ ಮಾಡಿಸುವುದೇ ಗಟ್ಟಿ ಪರೀಕ್ಷೆ. ಆದರೆ ಅದರಲ್ಲೂ ಎಡವುವ ಜಾಗಗಳಿವೆ, ಕ್ರಮ ತಪ್ಪಿಸಬೇಡಿ.

ಕ್ರೋಮಿನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆದು ತಾಣಕ್ಕೆ ಹೋಗಿ. ಮೊದಲು ಗುಟ್ಟಿಲ್ಲದ ಎರಡು ಕಡತ ಕೊಟ್ಟು ಜೋಡಿಸಿ ನೋಡಿ. ಯಾವುದಾದರೂ ಸುದ್ದಿ ಪುಟ ತೆರೆದು ಕಂಟ್ರೋಲ್-ಪಿ ಒತ್ತಿ "ಸೇವ್ ಆಸ್ ಪಿಡಿಎಫ್" ಮಾಡಿಕೊಂಡದ್ದು ಸಾಕು. ಇದೇಕೆಂದರೆ ಎಷ್ಟೋ ತಾಣಗಳು ಜೋಡಿಸುವ ಎಂಜಿನನ್ನು ಗುಂಡಿ ಒತ್ತಿದ ಮೇಲೆಯೇ ತರಿಸಿಕೊಳ್ಳುತ್ತವೆ. ಮೊದಲೇ ನೆಟ್ ಕಡಿದರೆ ಎಂಜಿನ್ ಸಿಗದೆ ಎರರ್ ಬರುತ್ತೆ, ಪ್ರಾಮಾಣಿಕ ತಾಣವನ್ನೂ ಕಳ್ಳ ಅಂದುಕೊಂಡುಬಿಡುತ್ತೀರಿ. ಈ ಪರೀಕ್ಷಾ ಜೋಡಣೆ ಆದಮೇಲೆ ಪುಟವನ್ನು ರಿಫ್ರೆಶ್ ಮಾಡದೆ ವೈಫೈ ಆರಿಸಿ, ಲ್ಯಾನ್ ತಂತಿ ಇದ್ದರೆ ಕಿತ್ತುಬಿಡಿ. ಈಗ ನಿಜವಾದ ಕಡತ ಕೊಡಿ, ಜೋಡಿಸಿ, ಇಳಿಸಿಕೊಳ್ಳಿ. ತೆರೆದು ನೋಡಿ.

ಮುಂದಿನದನ್ನು ಬಹಳ ಜನ ಮರೆಯುತ್ತಾರೆ. ವೈಫೈ ಮತ್ತೆ ಹಾಕುವ ಮೊದಲು ಇನ್‌ಕಾಗ್ನಿಟೋ ಕಿಟಕಿಗಳನ್ನೆಲ್ಲ ಮುಚ್ಚಿ. ಟ್ಯಾಬ್ ತೆರೆದೇ ಇದ್ದರೆ ಕಡತ ಇನ್ನೂ ಅದರ ಮೆಮೊರಿಯಲ್ಲಿರುತ್ತೆ. ನೆಟ್ ಬಂದ ಕ್ಷಣ ಕಳಿಸುವಂತೆ ಪುಟವನ್ನು ಬರೆಯುವುದು ಕಷ್ಟದ ಕೆಲಸವೇ ಅಲ್ಲ. ಇನ್‌ಕಾಗ್ನಿಟೋ ಯಾಕೆಂದರೆ ಅದರ ಕೊನೆಯ ಕಿಟಕಿ ಮುಚ್ಚಿದೊಡನೆ ಪುಟ ಬಚ್ಚಿಟ್ಟುಕೊಂಡ ಸಂಗ್ರಹವೂ, ಹಿನ್ನೆಲೆಯಲ್ಲಿ ಓಡುವ ಅದರ ಕೋಡೂ (ಸರ್ವಿಸ್ ವರ್ಕರ್) ಹೋಗುತ್ತವೆ. ಜೊತೆಗೆ, ನೀವಾಗಿ ಅನುಮತಿ ಕೊಡದ ಹೊರತು ಎಕ್ಸ್‌ಟೆನ್ಶನ್‌ಗಳು ಅಲ್ಲಿ ಓಡುವುದಿಲ್ಲ. "ಎಲ್ಲ ತಾಣಗಳ ದತ್ತಾಂಶ ಓದುವ, ಬದಲಿಸುವ" ಅನುಮತಿ ಪಡೆದ ಎಕ್ಸ್‌ಟೆನ್ಶನ್ ತಾಣ ಎಷ್ಟೇ ಒಳ್ಳೆಯದಾಗಿದ್ದರೂ ಪುಟದಲ್ಲಿ ಕಾಣುವುದನ್ನು ಓದಬಲ್ಲದು.

ಎಫ್12 ಒತ್ತಿ ನೆಟ್‌ವರ್ಕ್ ಹಾಳೆ ನೋಡುವುದು ಇನ್ನೊಂದು ದಾರಿ. ಪರೀಕ್ಷಾ ಕಡತಗಳೊಂದಿಗೆ ಅದನ್ನೂ ಮಾಡಿ. "ಪ್ರಿಸರ್ವ್ ಲಾಗ್" ಗುರುತು ಹಾಕಿ, ಜೋಡಿಸಿ, ಮಾಹಿತಿಯನ್ನು ಹೊರಗೆ ಕಳಿಸುವ ಪೋಸ್ಟ್ ಅಥವಾ ಪುಟ್ ಬಗೆಯ ಕೋರಿಕೆ ಹೋಯಿತೇ ನೋಡಿ. ಅಲ್ಲಿನ ಸೈಜ್ ಕಾಲಂ ನೋಡಿ ಸಮಾಧಾನ ಪಡಬೇಡಿ. ಅದು ಬಂದದ್ದರ ಅಳತೆ, ಹೋದದ್ದರದ್ದಲ್ಲ. ಕೋರಿಕೆಯ ಮೇಲೆ ಒತ್ತಿ ಪೇಲೋಡ್ (ಕಳಿಸಿದ ಮಾಹಿತಿ) ಮತ್ತು ಕೋರಿಕೆಯ ಕಡೆಯ ಕಂಟೆಂಟ್-ಲೆಂಗ್ತ್ (ಅದರ ಅಳತೆ) ನೋಡಬೇಕು. ಬ್ಲಾಬ್ ಎಂದು ಶುರುವಾಗುವ ವಿಳಾಸ ಕಂಡರೆ ಗಾಬರಿ ಬೇಡ, ಅದು ನಿಮ್ಮ ಮೆಮೊರಿಯ ವಿಳಾಸ, ಹೊರಗೆ ಹೋಗುವಂಥದ್ದಲ್ಲ. ಸಣ್ಣ ಸಣ್ಣ ಪೋಸ್ಟ್‌ಗಳು ಕಂಡರೆ ಅವು ಬಹುಪಾಲು ಭೇಟಿ ಎಣಿಸುವ ಅನಲಿಟಿಕ್ಸ್. ಆದರೆ ಅವುಗಳ ಪೇಲೋಡ್ ತೆರೆದು ಓದಿ. ಕಡತದ ಹೆಸರು ಅದರೊಳಗೆ ಹೋಗಲು ಸಾಧ್ಯವಿದೆ. ಹೆಸರಿನಲ್ಲಿ ಪ್ಯಾನ್ ಸಂಖ್ಯೆಯೋ ಖಾತೆ ಸಂಖ್ಯೆಯೋ ಇದ್ದರೆ ಮೊದಲೇ 01, 02 ಅಂತ ಬದಲಿಸಿಕೊಳ್ಳಿ. ಬ್ಯಾಂಕಿನಿಂದ ಬರುವ ಸ್ಟೇಟ್‌ಮೆಂಟಿನ ಹೆಸರಲ್ಲೇ ಖಾತೆ ಸಂಖ್ಯೆ ಇರುವುದು ಅಪರೂಪವಲ್ಲ.

01, 02 ಎಂದು ಎರಡಂಕಿಯಲ್ಲಿ ಹೆಸರಿಟ್ಟರೆ ಇನ್ನೊಂದು ಲಾಭ: 1, 10, 11, 2 ಎಂಬ ಅಡ್ಡಾದಿಡ್ಡಿ ಕ್ರಮ ಬರುವುದಿಲ್ಲ. ಒಮ್ಮೆಗೇ ಹಲವು ಕಡತ ಆರಿಸಿದಾಗ ನೀವು ಒತ್ತಿದ ಕ್ರಮದಲ್ಲೇ ಬರುತ್ತವೆ ಎಂಬ ಖಾತ್ರಿ ಇಲ್ಲ, ಜೋಡಿಸುವ ಮುನ್ನ ಪಟ್ಟಿ ನೋಡಿಕೊಳ್ಳಿ.

ಇವತ್ತು ಪರೀಕ್ಷೆ ಗೆದ್ದ ತಾಣ ನಾಳೆ ಹಾಗೇ ಇರುತ್ತೆ ಎಂದೇನಿಲ್ಲ. ವೆಬ್ ಪುಟದ ಕೋಡ್ ಪ್ರತಿ ಸಲ ಹೊಸದಾಗಿ ಬರುತ್ತೆ. ಆದ್ದರಿಂದ ನೆಟ್ ಕಡಿಯುವುದನ್ನು ಒಂದು ಸಲದ ಪರೀಕ್ಷೆ ಅಂದುಕೊಳ್ಳದೆ ಪ್ರತಿ ಸಲದ ಪದ್ಧತಿ ಮಾಡಿಕೊಳ್ಳಿ.

ಹಾಳೆಮಣೆ

ಪಾಸ್‌ವರ್ಡ್ ಮತ್ತು ಸಹಿಯ ಬಗ್ಗೆ ಬರೆಯುತ್ತೇನೆ.

ಪಿಡಿಎಫ್-ಲಿಬ್ ಎನ್‌ಕ್ರಿಪ್ಟ್ ಆದ, ಅಂದರೆ ಗುಪ್ತ ಸಂಕೇತವಾಗಿಸಿ ಬೀಗ ಹಾಕಿದ ಕಡತವನ್ನು ಬಿಡಿಸಲಾರದು. ನೇರವಾಗಿ ಎರರ್ ಕೊಡುವುದು ಅದರ ಸ್ವಭಾವ. ಕೆಲವು ತಾಣಗಳು "ಎನ್‌ಕ್ರಿಪ್ಶನ್ ಲೆಕ್ಕಿಸಬೇಡ" ಎಂಬ ಆಯ್ಕೆ ಹಾಕಿ ಆ ಎರರನ್ನು ಮುಚ್ಚಿಬಿಡುತ್ತವೆ. ಆಗ ಜೋಡಣೆ ಆದಂತೆ ಕಾಣುತ್ತೆ, ತೆರೆದರೆ ಆ ಪುಟಗಳು ಖಾಲಿ. ಕ್ಯೂಪಿಡಿಎಫ್ ಬಳಸುವ ತಾಣಗಳಾದರೆ ಪಾಸ್‌ವರ್ಡ್ ಕೇಳಿ ಸರಿಯಾಗಿ ಬಿಡಿಸಬಲ್ಲವು.

ಯಾವ ತಾಣದ ಹಂಗೂ ಇಲ್ಲದೆ ಬಿಡಿಸುವ ದಾರಿ ಕ್ರೋಮಿನಲ್ಲೇ ಇದೆ. ಕಡತವನ್ನು ಎಳೆದು ಖಾಲಿ ಟ್ಯಾಬಿಗೆ ಹಾಕಿ, ಪಾಸ್‌ವರ್ಡ್ ಕೊಟ್ಟು ತೆರೆಯಿರಿ. ಇ-ಆಧಾರ್‌ಗೆ ಆಧಾರಿನಲ್ಲಿರುವ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡಕ್ಷರದಲ್ಲಿ, ಅದಕ್ಕಂಟಿ ಹುಟ್ಟಿದ ವರ್ಷ. ಇ-ಪ್ಯಾನ್‌ಗೆ ಹುಟ್ಟಿದ ದಿನ, ತಿಂಗಳು, ವರ್ಷ ಎಂಟು ಅಂಕಿಯಲ್ಲಿ. ತೆರೆದ ಮೇಲೆ ಕಂಟ್ರೋಲ್-ಪಿ, ಡೆಸ್ಟಿನೇಶನ್ "ಸೇವ್ ಆಸ್ ಪಿಡಿಎಫ್". "ಪ್ರಿಂಟ್ ಆಸ್ ಇಮೇಜ್" ಗುರುತು ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಅಕ್ಷರಗಳೆಲ್ಲ ಚಿತ್ರವಾಗಿ ಗಾತ್ರ ಉಬ್ಬುತ್ತೆ. ಹೊಸ ಪ್ರತಿಗೆ ಪಾಸ್‌ವರ್ಡ್ ಇರುವುದಿಲ್ಲ. ಕ್ರೋಮಿನ ಡೌನ್‌ಲೋಡ್ ಗುರುತು ಒತ್ತಿದರೆ ಆಗುವುದಿಲ್ಲ, ಅದು ಬೀಗ ಹಾಕಿದ ಮೂಲವನ್ನೇ ಮತ್ತೊಮ್ಮೆ ಕೊಡುತ್ತೆ.

ಡಿಜಿಟಲ್ ಸಹಿ ಉಳಿಯುವುದಿಲ್ಲ. ಯಾವ ಉಪಕರಣದಲ್ಲೂ ಇಲ್ಲ, ದುಡ್ಡು ಕೊಟ್ಟದ್ದರಲ್ಲೂ ಇಲ್ಲ. ಸಹಿ ಎಂದರೆ ಕಡತದ ಇಂತಿಷ್ಟನೇ ಬೈಟಿನಿಂದ ಇಂತಿಷ್ಟನೇ ಬೈಟಿನವರೆಗೆ ಲೆಕ್ಕ ಹಾಕಿ ಒತ್ತಿದ ಮುದ್ರೆ. ತಂತಿಜಾಲ ಅವರು ಹೇಳಿದ ಹಾಗೆ ಜೋಡಿಸುವಾಗ ತುಣುಕುಗಳ ಸಂಖ್ಯೆ, ಸ್ಥಾನ ಎಲ್ಲ ಬದಲಾಗುತ್ತವೆ, ಹಾಗಾಗಿ ಆ ಲೆಕ್ಕ ತಾಳೆಯಾಗಲು ಸಾಧ್ಯವೇ ಇಲ್ಲ. ಸಹಿಯ ಚೌಕದ ಚಿತ್ರ ಪುಟದ ಮೇಲೆ ಉಳಿದಿರಬಹುದು. ಅದನ್ನು ನೋಡಿ ಸಹಿ ಇದೆ ಅಂದುಕೊಳ್ಳಬಾರದು.

ಆದ್ದರಿಂದ ಇಸಿ, ಫಾರ್ಮ್ 16, ಇ-ಆಧಾರ್ ಮೂಲ ಕಡತಗಳನ್ನು ಮುಟ್ಟದೆ ಪಕ್ಕಕ್ಕೆ ಇಟ್ಟುಕೊಳ್ಳಿ. ಜೋಡಿಸಿದ್ದು ಓದಿ ನೋಡುವುದಕ್ಕೆ, ಮೂಲ ಪರಿಶೀಲನೆಗೆ. ಬ್ಯಾಂಕಿನವರು ಸಹಿ ಪರಿಶೀಲಿಸುತ್ತೇವೆ ಎಂದರೆ ಮೂಲಗಳನ್ನು ಬೇರೆಯಾಗಿಯೇ ಕಳಿಸಬೇಕು.

ಇ-ಆಧಾರಿನ ಕ್ಯೂಆರ್ ಕೋಡ್ ಮಾತ್ರ ಬೇರೆ ಲೆಕ್ಕ. ಅದರೊಳಗಿನ ಮಾಹಿತಿಗೆ ಯುಐಡಿಎಐ (ಆಧಾರ್ ಕೊಡುವ ಪ್ರಾಧಿಕಾರ) ಪ್ರತ್ಯೇಕವಾಗಿ ಸಹಿ ಹಾಕಿರುತ್ತೆ, ಪಿಡಿಎಫ್ ಸಹಿ ಹೋದರೂ ಕ್ಯೂಆರ್ ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳಬಹುದು. ಅದರ ಚುಕ್ಕಿಗಳು ಬಹಳ ಸಣ್ಣವು ಮತ್ತು ಒತ್ತೊತ್ತು. ಗಾತ್ರ ಇಳಿಸಲು ಹೋಗಿ ಅದನ್ನು ಮಸುಕು ಮಾಡಿದರೆ ಆ ದಾರಿಯೂ ಮುಚ್ಚುತ್ತೆ, ಆ ಪುಟವನ್ನು ಕಂಪ್ರೆಸ್ ಮಾಡಲೇಬೇಡಿ.

ಬ್ಯಾಂಕ್ ಒಪ್ಪುವುದಾದರೆ ಯುಐಡಿಎಐ ತಾಣದಿಂದ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳಿ, ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದು ಅಂಕಿ ಮುಚ್ಚುವ ಅಭ್ಯಾಸ ದಯವಿಟ್ಟು ಬಿಡಿ. ಚೌಕ ಮೇಲಿರುತ್ತೆ, ಅಂಕಿ ಕೆಳಗೆ ಹಾಗೇ ಇರುತ್ತೆ. ಕಂಟ್ರೋಲ್-ಎ ಒತ್ತಿ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿದರೆ 12 ಅಂಕಿಯೂ ಬಂದು ಕೂರುತ್ತವೆ.

ತೂಕದಕಟ್ಟೆ

ಗಾತ್ರದ ವಿಷಯ ಇನ್ನೂ ಯಾರೂ ಎತ್ತಿಲ್ಲ. ಜೋಡಿಸುವುದರಿಂದ ತೂಕ ಇಳಿಯಲ್ಲ, ಎಲ್ಲದರ ಮೊತ್ತವೇ ಬರುತ್ತೆ. ನಿಮ್ಮ 18ರಲ್ಲಿ 16 ಕ್ರಯಪತ್ರದ್ದೇ ಆಗಿರುವಾಗ ಉಳಿದ ಹತ್ತು ಕಡತ ಮುಟ್ಟೋ ಅಗತ್ಯವೇ ಇಲ್ಲ.

ಮುಟ್ಟಲೂಬಾರದು. ಬ್ರೌಸರಿನ ಬಹಳಷ್ಟು ಕಂಪ್ರೆಸ್ ತಾಣಗಳು ಪ್ರತಿ ಪುಟವನ್ನೂ ಫೋಟೋ ತೆಗೆದ ಹಾಗೆ ಜೆಪೆಗ್ ಮಾಡಿಬಿಡುತ್ತವೆ. ಸಂಬಳದ ಚೀಟಿ, ಸ್ಟೇಟ್‌ಮೆಂಟ್ ಇವೆಲ್ಲ ಅಕ್ಷರವಾಗಿಯೇ ಇರುವ ಪುಟಗಳು. ಅವನ್ನು ಚಿತ್ರ ಮಾಡಿದರೆ ಹುಡುಕಲು ಆಗಲ್ಲ, ಅಂಚು ಮಸುಕಾಗುತ್ತೆ, ಎಷ್ಟೋ ಸಲ ಗಾತ್ರ ಹೆಚ್ಚೇ ಆಗುತ್ತೆ. ಮೊದಲು ಕ್ರಯಪತ್ರ ಒಂದರ ಗಾತ್ರವನ್ನೇ ಇಳಿಸಿ, ಆಮೇಲೆ ಎಲ್ಲ ಜೋಡಿಸಿ. ಜೋಡಿಸಿ ಆಮೇಲೆ ಇಳಿಸಿದರೆ ಎಲ್ಲ 37 ಪುಟವೂ ಚಿತ್ರವಾಗುತ್ತೆ, ಆಧಾರಿನ ಕ್ಯೂಆರ್ ಸಮೇತ.

ಎಷ್ಟಕ್ಕೆ ಇಳಿಸಬೇಕು? ಎ4 ಹಾಳೆ 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕಿ) 2480 × 3508 ಪಿಕ್ಸೆಲ್. 150ಕ್ಕೆ ತಂದರೆ 1240 × 1754, ಅಂದರೆ ನಾಲ್ಕನೇ ಒಂದು ಭಾಗ. ಬೂದು ಬಣ್ಣದಲ್ಲಿ, ಜೆಪೆಗ್ ಗುಣಮಟ್ಟ 60ರ ಆಸುಪಾಸಿನಲ್ಲಿ ಇಟ್ಟರೆ ಪುಟಕ್ಕೆ 150ರಿಂದ 200 ಕೆಬಿ ಬರಬೇಕು, 14 ಪುಟಕ್ಕೆ ಎರಡೂವರೆ ಎಂಬಿ ಹತ್ತಿರ. ಉಳಿದ 2 ಸೇರಿದರೆ ನಾಲ್ಕೂವರೆ. ಹಳೆಯ ಕೈಬರಹದ ಕ್ರಯಪತ್ರವಾದರೆ 150ಕ್ಕಿಂತ ಕೆಳಗೆ ಹೋಗಬೇಡಿ. ಉಪನೋಂದಣಿ ಕಚೇರಿಯ ಮೊಹರು, ಷೆಡ್ಯೂಲಿನ ಸರ್ವೆ ಸಂಖ್ಯೆ, ಅಂಚಿನಲ್ಲಿ ಬರೆದ ಸಣ್ಣ ಅಂಕಿ ಮೊದಲು ಕರಗುವುದು ಅಲ್ಲೇ. ಇಳಿಸಿದ ಮೇಲೆ ಷೆಡ್ಯೂಲಿನ ಪುಟವನ್ನು 100 ಪರ್ಸೆಂಟಿಗೆ ಹಿಗ್ಗಿಸಿ ಚಕ್ಕುಬಂದಿ ಪೂರ್ತಿ ಓದಲು ಬರುತ್ತಾ ನೋಡಿ. ಮೂಲ ಸ್ಕ್ಯಾನ್‌ನಲ್ಲಿ ಮೇಜಿನ ಮರ, ಬೆರಳಿನ ನೆರಳು ಸೇರಿದ್ದರೆ ಫೋನಿನಲ್ಲೇ ಅಂಚು ಕತ್ತರಿಸಿ. ಆ ಮರದ ಗೆರೆಗಳಿಗೆ ಜೆಪೆಗ್ ಬಹಳ ಜಾಗ ತಿನ್ನುತ್ತೆ.

5 ಎಂಬಿ ಅಂದಾಗ ಕೆಲವು ಪೋರ್ಟಲ್‌ಗಳ ಲೆಕ್ಕ 50 ಲಕ್ಷ ಬೈಟು. ವಿಂಡೋಸ್ ಲೆಕ್ಕದಲ್ಲಿ ಅದು 4.77 ಎಂಬಿ ಮಾತ್ರ. 4.7ರ ಒಳಗೆ ನಿಲ್ಲಿಸಿ, ಗಡಿಯಲ್ಲಿ ಒದ್ದಾಡುವುದು ತಪ್ಪುತ್ತೆ.

ಈ ಕಂಪ್ರೆಸ್ ತಾಣಕ್ಕೂ ನೆಟ್ ಕಡಿಯುವ ಪರೀಕ್ಷೆ ಬೇಕೇ ಬೇಕು. ಜೋಡಿಸುವುದನ್ನು ಬ್ರೌಸರಿನಲ್ಲೇ ಮಾಡಿ, ಕಂಪ್ರೆಸ್ ಮಾಡುವುದಕ್ಕೆ ಮಾತ್ರ ಸರ್ವರಿಗೆ ಕಳಿಸುವ ತಾಣಗಳೂ ಇವೆ. ಒಂದು ಗುಂಡಿ ಸಾಚಾ ಅಂತ ಪಕ್ಕದ ಗುಂಡಿಯನ್ನೂ ನಂಬಬೇಡಿ.

ಕಡತಕಟ್ಟು

ಹೇಳಿದ ಕ್ರಮದಲ್ಲೇ ಮಾಡಿದೆ. ನೆಟ್ ಕಡಿದ ಮೇಲೂ ಜೋಡಣೆ ಆಯಿತು, 4.4 ಎಂಬಿ. ಎರಡು ತೊಂದರೆ ಉಳಿದಿದೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆಯಲು ಪಾಸ್‌ವರ್ಡ್ ಕೇಳುವುದೇ ಇಲ್ಲ, ಆದರೂ ಅದರ 9 ಪುಟ ಖಾಲಿ ಬಂದಿದೆ. ಕ್ರಯಪತ್ರದ 3 ಪುಟ ಅಡ್ಡ ಮಲಗಿವೆ. ಕ್ರೋಮಿನಲ್ಲಿ ತಿರುಗಿಸಿ ಇಳಿಸಿಕೊಂಡರೂ ಮತ್ತೆ ಅಡ್ಡವೇ. ಇನ್ನೊಂದು ಸಣ್ಣ ಪ್ರಶ್ನೆ: ಖಾತಾದ ಕನ್ನಡ ಅಕ್ಷರ ನೋಡಲು ಸರಿಯಿದೆ, ಹುಡುಕಿದರೆ ಸಿಗಲ್ಲ. ಜೋಡಿಸುವಾಗ ಕೆಟ್ಟಿತೇ?

ಹಾಳೆಮಣೆ

ಪಿಡಿಎಫ್‌ಗೆ ಎರಡು ಬಗೆಯ ಪಾಸ್‌ವರ್ಡ್ ಇರುತ್ತೆ. ಒಂದು ತೆರೆಯಲು, ಇನ್ನೊಂದು ತಿದ್ದುವುದು, ಕಾಪಿ ಮಾಡುವುದು ಇಂಥದ್ದನ್ನು ತಡೆಯಲು. ಎರಡನೆಯದು ಮಾತ್ರ ಇದ್ದರೆ ತೆರೆಯುವಾಗ ಏನೂ ಕೇಳುವುದಿಲ್ಲ, ಆದರೆ ಒಳಗೆ ಕಡತ ಪೂರ್ತಿ ಎನ್‌ಕ್ರಿಪ್ಟ್ ಆಗಿಯೇ ಇರುತ್ತೆ. ಬ್ಯಾಂಕ್ ಸ್ಟೇಟ್‌ಮೆಂಟ್‌ಗಳಲ್ಲಿ ಇದು ಮಾಮೂಲು. ಮೇಲೆ ಹೇಳಿದ ಕಂಟ್ರೋಲ್-ಪಿ ದಾರಿಯಲ್ಲೇ ಒಂದು ಪ್ರತಿ ತೆಗೆದು ಅದನ್ನು ಜೋಡಿಸಿ.

ಅಡ್ಡ ಪುಟ: ಕ್ರೋಮಿನ ತಿರುಗಿಸುವ ಗುಂಡಿ ನೋಟಕ್ಕಷ್ಟೇ. ಕಡತದಲ್ಲಿ ಪ್ರತಿ ಪುಟಕ್ಕೂ ರೊಟೇಟ್ ಎಂಬ ಒಂದು ನಮೂದು ಇರುತ್ತೆ, ಬೆಲೆ 0, 90, 180 ಅಥವಾ 270. ಅದನ್ನೇ ಬದಲಿಸಬೇಕು. ಬಹುಪಾಲು ಜೋಡಿಸುವ ತಾಣಗಳಲ್ಲಿ ಪುಟದ ಚಿಕ್ಕ ಚಿತ್ರದ ಮೇಲೆ ಬಾಗಿದ ಬಾಣವಿರುತ್ತೆ, ಅದು ಈ ಕೆಲಸ ಮಾಡುತ್ತೆ. ಪಿಕ್ಸೆಲ್‌ಗಳನ್ನು ಮುಟ್ಟುವುದಿಲ್ಲವಾದ್ದರಿಂದ ಗುಣಮಟ್ಟ ಕೆಡುವುದಿಲ್ಲ.

ಕನ್ನಡ ಹುಡುಕಾಟ ಜೋಡಣೆಯಿಂದ ಕೆಟ್ಟದ್ದಲ್ಲ. ಮೂಲ ಕಡತದಲ್ಲೂ ಹುಡುಕಿ ನೋಡಿ, ಅಲ್ಲೂ ಸಿಗಲಿಕ್ಕಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ದಾಖಲೆಯಾದರೆ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳು, ಕಾಪಿ ಮಾಡಿದರೆ ಅರ್ಥವಿಲ್ಲದ ಅಕ್ಷರ ಬರುತ್ತೆ. ಯೂನಿಕೋಡಿನದ್ದಾದರೂ ಒತ್ತಕ್ಷರಗಳ ನಕ್ಷೆ ಸರಿಯಾಗಿ ಸೇರಿಸದಿದ್ದರೆ ಹುಡುಕಾಟ ತಪ್ಪುತ್ತೆ. ಜೋಡಿಸುವಾಗ ಫಾಂಟು ಇದ್ದ ಹಾಗೇ ಸಾಗುತ್ತೆ. ಅಕ್ಷರ ಒಡೆಯುವುದು ಪಿಡಿಎಫ್ ಅನ್ನು ಲಿಬ್ರೆಆಫೀಸ್ ಡ್ರಾನಂಥದ್ದರಲ್ಲಿ ತೆರೆದು ಮತ್ತೆ ಉಳಿಸಿದಾಗ, ಆ ದಾರಿ ಹಿಡಿಯಬೇಡಿ.

ಕದಮುಚ್ಚು

ಅಡ್ಮಿನ್ ಪಾಸ್‌ವರ್ಡ್ ಇಲ್ಲ ಅಂದರೆ ಅದು ಕಚೇರಿಯ ಲ್ಯಾಪ್‌ಟಾಪ್ ಇರಬೇಕು. ಹಾಗಿದ್ದರೆ ಇಷ್ಟೆಲ್ಲ ಕಾಳಜಿ ವಹಿಸಿಯೂ ಒಂದು ಕಿಂಡಿ ತೆರೆದಿದೆ. ಕಂಪನಿ ಯಂತ್ರಗಳಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ತಾವಾಗಿಯೇ ಒನ್‌ಡ್ರೈವ್‌ಗೆ ಏರುವಂತೆ ಇಟ್ಟಿರುವುದು ಸಾಮಾನ್ಯ. ನೆಟ್ ಕಡಿದು ಜೋಡಿಸಿ, ಕಡತವನ್ನು ಅಲ್ಲಿ ಉಳಿಸಿದರೆ ವೈಫೈ ಬಂದ ಕೂಡಲೇ ಅದು ಕಂಪನಿಯ ಖಾತೆಗೆ ಹೋಗುತ್ತೆ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಕಡತದ ಪಕ್ಕ ನೀಲಿ ಮೋಡವೋ ಹಸಿರು ಗುರುತೋ ಇದ್ದರೆ ಆ ಫೋಲ್ಡರ್ ಸಿಂಕ್ ಆಗುತ್ತಿದೆ ಎಂದರ್ಥ. ಪೆನ್‌ಡ್ರೈವ್‌ಗೆ ನೇರವಾಗಿ ಉಳಿಸಲು ಬಿಟ್ಟರೆ ಹಾಗೆ ಮಾಡಿ, ಎಷ್ಟೋ ಕಂಪನಿಗಳು ಅದನ್ನೂ ತಡೆದಿರುತ್ತವೆ.

ಮನೆಯಲ್ಲಿ ಐಫೋನ್ ಅಥವಾ ಮ್ಯಾಕ್ ಇದ್ದರೆ ಬ್ರೌಸರೂ ಬೇಡ. ಐಫೋನಿನ ಫೈಲ್ಸ್ ಆ್ಯಪಿನಲ್ಲಿ ಹಲವು ಪಿಡಿಎಫ್ ಆರಿಸಿ "ಕ್ರಿಯೇಟ್ ಪಿಡಿಎಫ್" ಕೊಟ್ಟರೆ ಒಂದಾಗುತ್ತವೆ. ಮ್ಯಾಕಿನ ಪ್ರಿವ್ಯೂನಲ್ಲಿ ಪಕ್ಕದ ಚಿಕ್ಕ ಚಿತ್ರಗಳ ಸಾಲಿಗೆ ಇನ್ನೊಂದು ಕಡತ ಎಳೆದು ಹಾಕಿದರಾಯಿತು. ಸ್ವಂತ ವಿಂಡೋಸ್ ಯಂತ್ರವಾದರೆ ಪಿಡಿಎಫ್‌ಸ್ಯಾಮ್ ಬೇಸಿಕ್, ಲಿನಕ್ಸ್ ಆದರೆ ಪಿಡಿಎಫ್ ಅರೇಂಜರ್. ಎರಡೂ ಉಚಿತ, ಓಪನ್ ಸೋರ್ಸ್. ಸೈಬರ್ ಸೆಂಟರಿನ ಯಂತ್ರದಲ್ಲಿ ಮಾತ್ರ ಈ ಕೆಲಸ ಯಾವ ವಿಧಾನದಲ್ಲೂ ಬೇಡ.

ಮುಗಿದ ಮೇಲೆ ಅಳಿಸಬೇಕಾದ್ದು ಪಾಸ್‌ವರ್ಡ್ ತೆಗೆದ ಆಧಾರ್, ಪ್ಯಾನ್, ಸ್ಟೇಟ್‌ಮೆಂಟಿನ ಮಧ್ಯದ ಪ್ರತಿಗಳು. ಅವು ಡೌನ್‌ಲೋಡ್ಸ್‌ನಲ್ಲಿ ಬೀಗವಿಲ್ಲದೆ ಬಿದ್ದಿರುತ್ತವೆ. ಆರಿಸಿ ಶಿಫ್ಟ್-ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್‌ಗೆ ಹೋಗದೆ ಅಳಿಯುತ್ತವೆ. ಇನ್‌ಕಾಗ್ನಿಟೋ ಮುಚ್ಚಿದರೆ ಬ್ರೌಸರಿನ ಡೌನ್‌ಲೋಡ್ ಪಟ್ಟಿ ಹೋಗುತ್ತೆ, ಕಡತ ಹೋಗುವುದಿಲ್ಲ.

ಏರಿಸುವ ಮೊದಲು ಪುಟ ಎಣಿಸಿ, 37 ಇರಬೇಕು. ಸ್ಟೇಟ್‌ಮೆಂಟಿನ 9 ಪುಟವನ್ನೂ ಒಂದೊಂದಾಗಿ ತೆರೆದು ನೋಡಿ, ಖಾಲಿ ಪುಟವೂ ಎಣಿಕೆಗೆ ಸೇರುತ್ತೆ.